ಕುಟುಂಬದೊಂದಿಗೆ ಉದ್ಯಾನ ಮತ್ತು ಸಾರ್ವಜನಿಕ ಈಜುಕೊಳಕ್ಕೆ: ರೋಗಿಗಳು ಮತ್ತು ಆರೈಕೆದಾರರು ತಿಳಿದಿರಬೇಕಾದದ್ದು

ಪುಣೆಯ ಖಡಕಿ, ಮುಳಾ ನದಿಯ ದಡದಲ್ಲಿರುವ ದಂಡು ಪ್ರದೇಶ. ಬೇಸಿಗೆ ರಜೆ ಬಂತೆಂದರೆ ಇಲ್ಲಿಯ ಕುಟುಂಬಗಳು ಉದ್ಯಾನಕ್ಕೋ ಈಜುಕೊಳಕ್ಕೋ ಹೊರಡುತ್ತವೆ. ಮನೆಯಲ್ಲಿ ಮಧುಮೇಹ, ಮೂರ್ಛೆರೋಗ, ಹೃದ್ರೋಗ ಅಥವಾ ಬೆನ್ನುಹುರಿಯ ಗಾಯ ಇರುವವರಿದ್ದರೆ ಅವರನ್ನು ಮನೆಯಲ್ಲೇ ಬಿಟ್ಟು ಹೋಗುವುದುಂಟು. ಬಹಳಷ್ಟು ಸಲ ಇದು ಅಗತ್ಯವಿಲ್ಲ. ನೀರಿನಲ್ಲಿ ದೇಹದ ಭಾರ ಕಡಿಮೆ ಅನಿಸುತ್ತದೆ. ಕೀಲುಗಳಿಗೆ ಹೊರೆಯಾಗದೆ ವ್ಯಾಯಾಮ ಸಿಗುತ್ತದೆ.

ಖಡಕಿಗೆ ಇದು ಹೊಸ ವಿಷಯವಲ್ಲ. ಗಾಯಗೊಂಡು ಕೈಕಾಲಿನ ಬಲ ಕಳೆದುಕೊಂಡ ಯೋಧರಿಗಾಗಿ ಇಲ್ಲಿ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರವಿದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಸೈನಿಕ ಮುರಳಿಕಾಂತ್ ಪೇಟ್ಕರ್ ಚೇತರಿಕೆಗಾಗಿ ಈಜಲು ಆರಂಭಿಸಿದರು. 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಗೆದ್ದು, ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ತಂದರು.

ಆದರೆ ಒಂದು ಷರತ್ತಿದೆ: ಯಾರನ್ನು ಯಾರು ನೋಡಿಕೊಳ್ಳಬೇಕು ಎಂಬುದು ಮನೆಯಿಂದ ಹೊರಡುವ ಮುನ್ನವೇ ತೀರ್ಮಾನವಾಗಿರಬೇಕು.

ಯಾರು ನೀರಿಗೆ ಇಳಿಯಬಾರದು?

• ಭೇದಿ ಇರುವವರು. ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿಯಿಂದ ಭೇದಿಯಾಗಿದ್ದರೆ, ಅದು ನಿಂತ ಮೇಲೂ 2 ವಾರ ಕೊಳಕ್ಕೆ ಹೋಗಬೇಡಿ. ಈ ಪರಾವಲಂಬಿ ಕ್ಲೋರಿನ್ ಹಾಕಿದ ನೀರಿನಲ್ಲೂ ಹಲವು ದಿನ ಬದುಕುತ್ತದೆ.
• ತೆರೆದ ಗಾಯ, ಹೊಲಿಗೆ ಅಥವಾ ಒತ್ತಡದ ಹುಣ್ಣು ಇರುವವರು.
• ಜ್ವರ, ಕಣ್ಣುಬೇನೆ ಅಥವಾ ಸೋರುವ ಕಿವಿ ಇರುವವರು.
• ಇತ್ತೀಚೆಗೆ ಹೃದಯಾಘಾತ ಅಥವಾ ಶಸ್ತ್ರಚಿಕಿತ್ಸೆ ಆಗಿದ್ದು, ವೈದ್ಯರು ಇನ್ನೂ ಅನುಮತಿ ನೀಡದವರು.

ಇವರು ನೀರಿಗಿಳಿಯದಿದ್ದರೂ ಸಂಜೆ ಉದ್ಯಾನದಲ್ಲಿ ಎಲ್ಲರೊಂದಿಗೆ ಕೂರಬಹುದು.

ಕಾಯಿಲೆಗೆ ತಕ್ಕ ಎಚ್ಚರ

ಮೂರ್ಛೆರೋಗ: ಈಜಬಹುದೇ ಎಂದು ಮೊದಲು ವೈದ್ಯರನ್ನು ಕೇಳಿ. ಮಾತ್ರೆ ತಪ್ಪಿದ ದಿನ, ನಿದ್ದೆಗೆಟ್ಟ ದಿನ ನೀರಿಗೆ ಇಳಿಯಬೇಡಿ. ಈಜು ಬಲ್ಲವರು, ಇವರ ಕಾಯಿಲೆಯ ಬಗ್ಗೆ ತಿಳಿದವರು ಒಬ್ಬರು ಕೈಗೆಟಕುವ ದೂರದಲ್ಲೇ ಇರಬೇಕು. ನೀರಿನಲ್ಲಿ ಫಿಟ್ಸ್ ಬಂದರೆ ಮುಖ ನೀರಿನಿಂದ ಮೇಲಿರುವಂತೆ ಹಿಡಿಯಿರಿ. ಬಾಯಿಗೆ ಏನನ್ನೂ ತುರುಕಬೇಡಿ. ನಂತರ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಗೆ ತೋರಿಸಿ, ಶ್ವಾಸಕೋಶಕ್ಕೆ ನೀರು ಹೋಗಿರಬಹುದು.

ಮಧುಮೇಹ: ಈಜಿದಾಗ ರಕ್ತದ ಸಕ್ಕರೆ ಇಳಿಯಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಇಳಿಯುವ ಮುನ್ನ ಪರೀಕ್ಷಿಸಿಕೊಳ್ಳಿ. ನಡುಕ, ಬೆವರು, ತಲೆಸುತ್ತು ಕಂಡರೆ ಕೂಡಲೇ ನೀರಿನಿಂದ ಹೊರಬಂದು 3 ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. ಪ್ರಜ್ಞೆ ಇಲ್ಲದವರಿಗೆ ಬಾಯಿಯ ಮೂಲಕ ಏನನ್ನೂ ಕೊಡಬೇಡಿ. ಇನ್ಸುಲಿನ್ ಅನ್ನು ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಪಾದ ಅಥವಾ ಕಾಲುಗಳಲ್ಲಿ ಸ್ಪರ್ಶಜ್ಞಾನ ಇಲ್ಲದವರು: ದೀರ್ಘಕಾಲದ ಮಧುಮೇಹ ಮತ್ತು ಬೆನ್ನುಹುರಿಯ ಗಾಯ, ಎರಡರಲ್ಲೂ ಹೀಗಾಗಬಹುದು. ಬಿಸಿಲಿಗೆ ಕಾದ ಟೈಲ್ಸ್, ಕಬ್ಬಿಣದ ಬೆಂಚು, ಜಾರುಬಂಡೆ ಚರ್ಮ ಸುಟ್ಟರೂ ಇವರಿಗೆ ತಿಳಿಯುವುದಿಲ್ಲ. ಬರಿಗಾಲಿನಲ್ಲಿ ನಡೆಯಬೇಡಿ, ಕೂರುವ ಮುನ್ನ ಜೊತೆಯವರು ಕೈಯಿಂದ ಮುಟ್ಟಿ ನೋಡಲಿ.

ಬೆನ್ನುಹುರಿಯ ಗಾಯ: ಗಾಯ ಮೇಲ್ಭಾಗದಲ್ಲಿದ್ದರೆ ದೇಹ ಸರಿಯಾಗಿ ಬೆವರುವುದಿಲ್ಲ, ಬೇಗ ಕಾಯುತ್ತದೆ. ನೆರಳಿನಲ್ಲಿರಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ. ಕ್ಯಾತಿಟರ್ ಇದ್ದರೆ ಈಜುವ ಬಗ್ಗೆ ವೈದ್ಯರನ್ನು ಕೇಳಿ. ಗಾಲಿಕುರ್ಚಿಗೆ ಇಳಿಜಾರು ದಾರಿ, ಶೌಚಾಲಯ ಇವೆಯೇ ಎಂದು ಕೊಳದವರನ್ನು ಮೊದಲೇ ವಿಚಾರಿಸಿ.

ಮಕ್ಕಳ ಮೇಲೆ ಕಣ್ಣು

ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸದ್ದಿಲ್ಲದೆ, ಕೆಲವೇ ಕ್ಷಣಗಳಲ್ಲಿ ಮುಳುಗುತ್ತದೆ. ಹತ್ತು ಜನ ದೊಡ್ಡವರಿದ್ದಾಗಲೂ ಅಪಘಾತವಾಗುತ್ತದೆ. ಬೇರೆಯವರು ನೋಡುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ಭಾವಿಸಿರುತ್ತಾರೆ. ಆದ್ದರಿಂದ ಸರದಿಯ ಮೇಲೆ ಒಬ್ಬರು ಕಾವಲಿರಿ. ಆ 15 ನಿಮಿಷ ಅವರಿಗೆ ಮೊಬೈಲ್ ಬೇಡ, ಹರಟೆ ಬೇಡ. ಸಣ್ಣ ಮಕ್ಕಳಿದ್ದರೆ ಕೈಗೆಟಕುವಷ್ಟು ಹತ್ತಿರವಿರಿ. ಗಾಳಿ ತುಂಬಿದ ಟ್ಯೂಬು, ತೋಳುಪಟ್ಟಿಗಳು ಆಟಿಕೆಗಳೇ ಹೊರತು ಜೀವರಕ್ಷಕಗಳಲ್ಲ. ರೋಗಿಯನ್ನು ನೋಡಿಕೊಳ್ಳುವವರಿಗೇ ಮಕ್ಕಳ ಕಾವಲನ್ನೂ ವಹಿಸಬೇಡಿ. ಒಬ್ಬರಿಂದ ಎರಡೂ ಆಗುವುದಿಲ್ಲ.

ನೀರು ಚೆನ್ನಾಗಿದೆಯೇ?

ಕೊಳದ ತಳ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಇಳಿಯಬೇಡಿ. ಮೂಗಿಗೆ ಹೊಡೆಯುವ ಕ್ಲೋರಿನ್ ವಾಸನೆ ಸ್ವಚ್ಛತೆಯ ಗುರುತಲ್ಲ. ಕ್ಲೋರಿನ್ ಬೆವರು ಮತ್ತು ಮೂತ್ರದೊಂದಿಗೆ ಬೆರೆತಾಗ ಆ ವಾಸನೆ ಬರುತ್ತದೆ. ಕಣ್ಣು ಉರಿಯುತ್ತದೆ, ಅಸ್ತಮಾ ಇರುವವರಿಗೆ ಕೆಮ್ಮು ಹೆಚ್ಚಬಹುದು. ಇಳಿಯುವ ಮುನ್ನ ಎಲ್ಲರೂ ಸ್ನಾನ ಮಾಡಿ, ಮಕ್ಕಳನ್ನು ಗಂಟೆಗೊಮ್ಮೆ ಶೌಚಾಲಯಕ್ಕೆ ಕರೆದೊಯ್ಯಿರಿ. ಕೊಳ ಮುಚ್ಚಿದೆಯೆಂದು ನದಿಗೆ ಇಳಿಯಬೇಡಿ.

ಯಾರಾದರೂ ಮುಳುಗಿದರೆ

1. ಜೀವರಕ್ಷಕರನ್ನು ಕೂಗಿ. ಈಜು ಬಾರದವರು ಹಾರಬೇಡಿ. ಹಗ್ಗ, ಕೋಲು ಅಥವಾ ಟ್ಯೂಬು ಚಾಚಿ.
2. ಹೊರತೆಗೆದ ಮೇಲೆ ಉಸಿರಾಟ ನೋಡಿ. ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಲಿ.
3. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು 2 ಸಲ ಉಸಿರು ಕೊಡಿ. ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಮತ್ತೆ 2 ಉಸಿರು. ಸಹಾಯ ಬರುವವರೆಗೆ ನಿಲ್ಲಿಸಬೇಡಿ.
4. ಹೊಟ್ಟೆ ಒತ್ತಿ ನೀರು ತೆಗೆಯುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು ಬೇಡ. ಅದರಿಂದ ಅಮೂಲ್ಯ ಸಮಯ ಹೋಗುತ್ತದೆ, ವಾಂತಿಯಾಗಿ ಶ್ವಾಸನಾಳ ಕಟ್ಟಬಹುದು.

ಮನೆಗೆ ಬಂದ ಮೇಲೆ

ಸ್ನಾನ ಮಾಡಿಸಿ, ಕಿವಿಯ ಹೊರಭಾಗ ಒಣಗಿಸಿ, ಕಡ್ಡಿ ಹಾಕಬೇಡಿ. ಸ್ಪರ್ಶಜ್ಞಾನ ಇಲ್ಲದವರ ಪಾದ, ಹಿಮ್ಮಡಿ, ಪೃಷ್ಠವನ್ನು ಬೆಳಕಿನಲ್ಲಿ ನೋಡಿ. ಕೆಂಪು ಕಲೆ, ಗುಳ್ಳೆ ಅಥವಾ ತರಚು ಗಾಯ ಇದ್ದರೆ ವೈದ್ಯರಿಗೆ ತೋರಿಸಿ. ನೀರು ಕುಡಿದು ಒದ್ದಾಡಿದವರಿಗೆ ಆ ದಿನ ಕೆಮ್ಮು, ಏದುಸಿರು, ಅತಿಯಾದ ಮಂಪರು ಕಂಡರೆ ಬೆಳಗಾಗುವವರೆಗೆ ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.