ಇಂಟರ್‌ನೆಟ್ ದೂರವಾಣಿ ಮಾನಕಗಳು

ಕಂಪ್ಯೂಟರ್ ಜಾಲದಲ್ಲಿ ಧ್ವನಿಯನ್ನು ಸಾಗಿಸಿ, ಅದನ್ನು ಸಾಂಪ್ರದಾಯಿಕ ದೂರವಾಣಿ ಜಾಲಕ್ಕೆ ಬೆಸೆಯುವ ತಾಂತ್ರಿಕ ನಿಯಮಗಳು. ಹಳೆಯ ಜಾಲದಲ್ಲಿ ಕರೆ ಮುಗಿಯುವವರೆಗೆ ಒಂದು ಮಾರ್ಗ ಅದಕ್ಕೇ ಮೀಸಲು. ಇಂಟರ್‌ನೆಟ್‌ನಲ್ಲಿ ಮಾತು ಪ್ಯಾಕೆಟ್‌ಗಳೆಂಬ ಸಣ್ಣ ತುಣುಕುಗಳಾಗಿ ಒಡೆದು, ಉಳಿದ ಮಾಹಿತಿಯೊಡನೆ ದಾರಿ ಹಂಚಿಕೊಂಡು ಸಾಗುತ್ತದೆ. ಇವೆರಡರ ನಡುವಿನ ದುಭಾಷಿಯೇ ಗೇಟ್‌ವೇ.

ಆರಂಭ: 1970ರ ದಶಕದಲ್ಲಿ ಅಮೆರಿಕದ ಆರ್ಪಾನೆಟ್‌ನಲ್ಲಿ ಡ್ಯಾನಿ ಕೋಹೆನ್ ಮತ್ತು ಸಂಗಡಿಗರು ಧ್ವನಿ ರವಾನೆಯ ಪ್ರಯೋಗ ನಡೆಸಿದರು. 1995ರಲ್ಲಿ ಇಸ್ರೇಲಿನ ವೋಕಲ್‌ಟೆಕ್ ಕಂಪನಿಯ ‘ಇಂಟರ್‌ನೆಟ್ ಫೋನ್’ ಮಾರುಕಟ್ಟೆಗೆ ಬಂತು. ಮಾತನಾಡುವ ಇಬ್ಬರ ಬಳಿಯೂ ಅದೇ ತಂತ್ರಾಂಶ ಇರಬೇಕಿತ್ತು. ಎಲ್ಲರಿಗೂ ಸಲ್ಲುವ ಮಾನಕದ ಅಗತ್ಯ ಆಗ ಎದ್ದು ಕಂಡಿತು.

ಎರಡು ಪರಂಪರೆಗಳು: 1996ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಎಚ್.323 ಮಾನಕವನ್ನು ಅಂಗೀಕರಿಸಿತು. ಐಎಸ್‌ಡಿಎನ್ ಎಂಬ ಡಿಜಿಟಲ್ ದೂರವಾಣಿ ಜಾಲದ ಸಂಕೇತ ಪದ್ಧತಿಯನ್ನೇ ಆಧರಿಸಿದ್ದರಿಂದ ಅದು ಎಕ್ಸ್‌ಚೇಂಜ್‌ಗಳಿಗೆ ಸುಲಭವಾಗಿ ಒಗ್ಗಿತು. ಇಂಟರ್‌ನೆಟ್ ತಂತ್ರಜ್ಞರ ಸಂಘಟನೆಯಾದ ಐಇಟಿಎಫ್ 1999ರಲ್ಲಿ ಕರೆ ಜೋಡಿಸುವ ಸಿಪ್ ಮಾನಕವನ್ನು (ದಾಖಲೆ ಸಂಖ್ಯೆ ಆರ್‌ಎಫ್‌ಸಿ 2543) ಪ್ರಕಟಿಸಿತು. 2002ರಲ್ಲಿ ಪರಿಷ್ಕರಿಸಿತು (ಆರ್‌ಎಫ್‌ಸಿ 3261). ಹೆನ್ನಿಂಗ್ ಶುಲ್ಜ್‌ರಿನ್ನೆ, ಮಾರ್ಕ್ ಹ್ಯಾಂಡ್ಲಿ ಇದರ ಪ್ರಮುಖ ಕರ್ತೃಗಳು. ವೆಬ್‌ನ ಎಚ್‌ಟಿಟಿಪಿಯಂತೆ ಸಿಪ್ ಸಂದೇಶಗಳೂ ಓದಬಹುದಾದ ಪಠ್ಯರೂಪದಲ್ಲಿವೆ. ಇಂದಿನ 4ಜಿ ಜಾಲದ ವೋಲ್ಟಿ ಮೊಬೈಲ್ ಕರೆಗಳ ತಳಹದಿಯೂ ಸಿಪ್.

ಗೇಟ್‌ವೇ ಕೆಲಸ: ಸಿಪ್‌ನ ‘ಇನ್ವೈಟ್’ ಸಂದೇಶ ಬಂದೊಡನೆ ಗೇಟ್‌ವೇ ಅದನ್ನು ಎಕ್ಸ್‌ಚೇಂಜ್‌ಗಳ ಎಸ್‌ಎಸ್7 ಪದ್ಧತಿಯ ಕರೆ ಕೋರಿಕೆಯಾಗಿ ಮಾರ್ಪಡಿಸುತ್ತದೆ, ಅತ್ತ ಫೋನ್ ಎತ್ತಿದಾಗ ಬರುವ ಸಂಕೇತ ಇತ್ತ ‘200 ಓಕೆ’ ಆಗುತ್ತದೆ. ಧ್ವನಿಯ ಪ್ಯಾಕೆಟ್‌ಗಳನ್ನು ಹೊತ್ತೊಯ್ಯುವುದು 1996ರ ಆರ್‌ಟಿಪಿ. ಅದು ಪ್ರತಿ ಪ್ಯಾಕೆಟ್‌ಗೂ ಕ್ರಮಸಂಖ್ಯೆ, ಸಮಯಮುದ್ರೆ ಹಾಕುತ್ತದೆ. ದೂರವಾಣಿಯ ಜಿ.711 ಪದ್ಧತಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, 64 ಕಿಲೋಬಿಟ್ ವೇಗದಲ್ಲಿ ಕಳಿಸುತ್ತಾರೆ. ಧ್ವನಿಯನ್ನು ಹೆಚ್ಚು ಕುಗ್ಗಿಸಿದರೆ ಫೋನಿನ ಅಂಕಿ ಕೀಲಿಗಳನ್ನು ಒತ್ತಿದಾಗ ಹೊಮ್ಮುವ ನಾದ ಕೆಡುತ್ತದೆ. ಆದ್ದರಿಂದ ಒತ್ತಿದ ಅಂಕಿಗಳನ್ನು ಪ್ರತ್ಯೇಕ ಪ್ಯಾಕೆಟ್‌ಗಳಲ್ಲಿ ಕಳಿಸುವ ಕ್ರಮ 2000ದಲ್ಲಿ ರೂಪುಗೊಂಡಿತು.

ಸಂಖ್ಯೆಯಿಂದ ವಿಳಾಸಕ್ಕೆ: ಅದೇ ವರ್ಷದ ಈನಮ್ ಮಾನಕವು ಫೋನ್ ಸಂಖ್ಯೆಯನ್ನು ತಿರುವುಮುರುವಾಗಿಸಿ, ಅಂಕಿಗಳ ನಡುವೆ ಚುಕ್ಕಿಯಿಟ್ಟು, ಇಂಟರ್‌ನೆಟ್ ಹೆಸರುಪಟ್ಟಿಯಲ್ಲಿ ಹುಡುಕುವ ದಾರಿ ತೋರಿಸಿತು. ಸಾರ್ವಜನಿಕ ಬಳಕೆಯಲ್ಲಿ ಅದು ವ್ಯಾಪಕವಾಗಿ ನೆಲೆಯೂರಲಿಲ್ಲ.

ಭಾರತದಲ್ಲಿ: 2002ರ ಏಪ್ರಿಲ್‌ನಲ್ಲಿ ಇಂಟರ್‌ನೆಟ್ ದೂರವಾಣಿಗೆ ಅನುಮತಿ ಸಿಕ್ಕಿತು. ಆದರೆ ಇಲ್ಲಿನ ಕಂಪ್ಯೂಟರ್‌ನಿಂದ ವಿದೇಶದ ಫೋನಿಗೆ ಕರೆ ಮಾಡಬಹುದಿತ್ತೇ ಹೊರತು ದೇಶದೊಳಗಿನ ಫೋನಿಗಲ್ಲ. ಮಾನಕಗಳು ಸಿದ್ಧವಿದ್ದರೂ ಪರವಾನಗಿ ನಿಯಮ ಅಡ್ಡವಿತ್ತು. 2018ರಲ್ಲಿ ನಿಯಮ ಸಡಿಲಗೊಂಡಿತು; ಬಿಎಸ್‌ಎನ್‌ಎಲ್ ಅದೇ ವರ್ಷ ‘ವಿಂಗ್ಸ್’ ಎಂಬ ಇಂಟರ್‌ನೆಟ್ ದೂರವಾಣಿ ಸೇವೆಯನ್ನು ಪ್ರಕಟಿಸಿತು.