ಅಂಗವಿಕಲರ ಉದ್ಯೋಗ ಪುನರ್ವಸತಿ (ಕಲಬುರಗಿ ಜಿಲ್ಲೆ)

ಅಂಗವಿಕಲರ ಉದ್ಯೋಗ ಪುನರ್ವಸತಿ ಎಂದರೆ ಅಂಗವೈಕಲ್ಯವುಳ್ಳವರನ್ನು ಗುರುತಿಸಿ, ತರಬೇತಿ ಹಾಗೂ ಸಾಧನ ಸಲಕರಣೆಗಳನ್ನು ಒದಗಿಸಿ, ಸಂಬಳದ ಕೆಲಸಕ್ಕೆ ಅಥವಾ ಸ್ವಯಂ ಉದ್ಯೋಗಕ್ಕೆ ತೊಡಗಿಸುವ ಪ್ರಕ್ರಿಯೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್ ಭಾಗದಲ್ಲಿ ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ ಹಾಗೂ ಹಾಸುಗಲ್ಲಿನ ಕೆಲಸಗಳು, ಚಿಂಚೋಳಿಯಲ್ಲಿ ತೊಗರಿ ಬೇಸಾಯ ಪ್ರಮುಖ ಜೀವನಾಧಾರ. ಇವುಗಳಲ್ಲಿ ಬಹುಪಾಲು ಮೈಮುರಿದು ದುಡಿಯಬೇಕಾದ ಕೆಲಸಗಳು, ಖಾಸಗಿ ಒಡೆತನಕ್ಕೆ ಸೇರಿದವು.

ಕಾನೂನಿನ ರಕ್ಷಣೆ ಹೆಚ್ಚಾಗಿ ಸರ್ಕಾರಿ ನೌಕರಿಗೆ ಸೀಮಿತವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ರ ಮೀಸಲಾತಿ ನೀಡುತ್ತದೆ. 1995ರ ಕಾಯ್ದೆಯಲ್ಲಿ ಇದು ಶೇ. 3 ಇತ್ತು. ಖಾಸಗಿ ಮಾಲೀಕರಿಗೆ ಇಂಥ ಕಡ್ಡಾಯವಿಲ್ಲ. ಅವರ ಸಿಬ್ಬಂದಿಯಲ್ಲಿ ಶೇ. 5ರಷ್ಟು ಅಂಗವಿಕಲರಿರುವಂತೆ ಸರ್ಕಾರ ಉತ್ತೇಜನ ನೀಡಬೇಕೆಂದಷ್ಟೇ ಅಧಿನಿಯಮ ಹೇಳುತ್ತದೆ. ಸೇವಾವಧಿಯಲ್ಲಿ ಅಂಗವಿಕಲರಾದವರನ್ನು ಕೆಲಸದಿಂದ ತೆಗೆಯಬಾರದೆಂಬ 20ನೆಯ ಕಲಮಿನ ನಿಯಮವೂ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಅನ್ವಯಿಸುತ್ತದೆ. ಹೀಗಾಗಿ ಖಾಸಗಿ ಕಲ್ಲುಗಣಿಯಲ್ಲಿ ಕಾಲು ಕಳೆದುಕೊಂಡ ಕಾರ್ಮಿಕನು ಪರಿಹಾರಧನ ಕೇಳಬಹುದೇ ಹೊರತು, ಈ ಕಲಮಿನಡಿ ಕೆಲಸ ಉಳಿಸಿಕೊಳ್ಳಲಾರನು.

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ತಾಲ್ಲೂಕು ಮಟ್ಟದ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗುರುತಿನ ಚೀಟಿ ಪಡೆಯಲು, ಸ್ವಯಂ ಉದ್ಯೋಗಕ್ಕೆ ನೆರವಾಗುವ ‘ಆಧಾರ’ ಯೋಜನೆಗೆ ಅರ್ಜಿ ಸಲ್ಲಿಸಲು ಸಹಾಯ ಮಾಡುತ್ತಾರೆ. ಈ ಕಾರ್ಯಕರ್ತರೂ ಅಂಗವಿಕಲರೇ. ಆದರೆ ಅವರಿಗೆ ದೊರೆಯುವುದು ವೇತನವಲ್ಲ, ಗೌರವಧನ.