ಪದಕ ಬಂತು, ಆರ್ಡರ್ ಬಂತಾ?

ಈ ವಾರದ ಎಪಿಸೋಡ್ ಒಂದು ಜೈಲಿನಿಂದ ಶುರುವಾಗುತ್ತೆ. ಕೇಳೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗೆ ಇದು ಅದರ ಬರಹ ರೂಪ.

1855ರ ಡಿಸೆಂಬರ್ ತಿಂಗಳು. ಪ್ಯಾರಿಸ್‌ನ ಕ್ಲಿಶಿ ಜೈಲು. ಸಾಲ ತೀರಿಸದವರನ್ನು ಕೂಡಿಹಾಕೋಕೆ ಅಂತಲೇ ಇದ್ದ ಜೈಲು ಅದು. ಒಳಗೆ ಒಬ್ಬ ಅಮೆರಿಕನ್, ವಯಸ್ಸು ಇನ್ನೇನು 55 ತುಂಬಬೇಕು. ಅದೇ ವರ್ಷ, ಅದೇ ಊರಲ್ಲಿ ನಡೆದ ವಿಶ್ವ ಪ್ರದರ್ಶನದಲ್ಲಿ ಅವರದ್ದೊಂದು ಭಾರಿ ಸ್ಟಾಲ್ ಇತ್ತು. ಅದಕ್ಕೆ ಗೌರವ ಪದಕ ಬಂತು. ಚಕ್ರವರ್ತಿ ಮೂರನೇ ನೆಪೋಲಿಯನ್ ಕಡೆಯಿಂದ ಲೀಜನ್ ಆಫ್ ಆನರ್ ಬಿರುದೂ ಬಂತು. ಅದು ಬಂದಾಗ ಆ ಮನುಷ್ಯ ಕಂಬಿ ಹಿಂದೆ ಇದ್ದರು.

ಹೆಸರು ಚಾರ್ಲ್ಸ್ ಗುಡ್‌ಇಯರ್. ಹೌದು, ಟೈರ್ ಮೇಲೆ ನೋಡ್ತೀವಲ್ಲ, ಅದೇ ಹೆಸರು. ಆದ್ರೆ ಆ ಟೈರ್ ಕಂಪನಿ ಶುರುವಾಗಿದ್ದು 1898ರಲ್ಲಿ, ಇವರು ತೀರಿಕೊಂಡು 38 ವರ್ಷ ಆದ್ಮೇಲೆ. ಹೆಸರು ಬಿಟ್ಟರೆ ಅದಕ್ಕೂ ಇವರಿಗೂ ಬೇರೆ ಯಾವ ಸಂಬಂಧವೂ ಇಲ್ಲ.

ನನಗೆ ಈ ಕಥೆ ಬೇಕಾಗಿದ್ದು ಯಾಕೆ ಅಂದ್ರೆ, ಕೇಳುಗರಿಂದ ನನಗೆ ಪದೇ ಪದೇ ಬರೋ ಪ್ರಶ್ನೆ ಒಂದಿದೆ. "ಎಕ್ಸಿಬಿಷನ್‌ನಲ್ಲಿ ಸ್ಟಾಲ್ ಹಾಕಿದ್ರೆ ವರ್ಕೌಟ್ ಆಗುತ್ತಾ?" ಕೇಳೋರು ದೊಡ್ಡ ಕಂಪನಿಯವರಲ್ಲ. ಮನೆಯಲ್ಲಿ ಸೋಪು ಮಾಡೋರು, ಚಟ್ನಿಪುಡಿ ಮಾಡೋರು, ಮರದ ಆಟಿಕೆ ಮಾಡೋರು. ಕೆಲವರು ಬಳೆ ಅಡವಿಟ್ಟು ಸ್ಟಾಲ್ ಬುಕ್ ಮಾಡ್ತಾರೆ. ಹಾಗಾಗಿ "ಟ್ರೈ ಮಾಡಿ ನೋಡಿ, ಎಕ್ಸ್‌ಪೋಷರ್ ಸಿಗುತ್ತೆ" ಅಂತ ಹೇಳಿ ಕೈತೊಳೆದುಕೊಳ್ಳೋದು ನನಗೆ ಸರಿ ಅನ್ನಿಸಲ್ಲ. ಬಿ.ಕಾಂ. ಓದಿದ್ದಕ್ಕಾದರೂ ಲೆಕ್ಕ ಹಾಕ್ಬೇಕು ಅಲ್ವಾ? ಇತಿಹಾಸದಲ್ಲಿ ಆ ಲೆಕ್ಕ ಚೆನ್ನಾಗಿಯೇ ಸಿಗುತ್ತೆ.

ಮೊದಲು 1851ರ ಲಂಡನ್‌ಗೆ ಹೋಗೋಣ. ಹೈಡ್ ಪಾರ್ಕ್‌ನಲ್ಲಿ ಕಬ್ಬಿಣ ಮತ್ತು ಗಾಜಿನಿಂದ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸ್. ಒಳಗೆ ಸುಮಾರು 1 ಲಕ್ಷ ವಸ್ತುಗಳು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಬಂದವರು ಸುಮಾರು 60 ಲಕ್ಷ ಜನ. ಇವತ್ತು ನಾವು ನೋಡೋ ಅಂತರರಾಷ್ಟ್ರೀಯ ಪ್ರದರ್ಶನಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇದರ ಮಕ್ಕಳು, ಮೊಮ್ಮಕ್ಕಳು.

ಗುಡ್‌ಇಯರ್ ಅಲ್ಲಿಗೆ ಬಂದಿದ್ದರು. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಕರಗಲ್ಲ, ಚಳಿಗೆ ಬಿರುಕು ಬಿಡಲ್ಲ ಅಂತ 1839ರಲ್ಲಿ ಕಂಡುಕೊಂಡವರು ಅವರು. ಅದನ್ನು ಜಗತ್ತಿಗೆ ತೋರಿಸೋಕೆ ಗೋಡೆಯಿಂದ ಹಿಡಿದು ಮೇಜು ಕುರ್ಚಿವರೆಗೆ ಎಲ್ಲವೂ ರಬ್ಬರಿನದೇ ಆದ ಒಂದು ಅಂಗಳವನ್ನೇ ಕಟ್ಟಿದರು. ಖರ್ಚು 30 ಸಾವಿರ ಡಾಲರ್. ಅಲ್ಲೂ ಪದಕ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. 1855ರ ಪ್ಯಾರಿಸ್ ಪ್ರದರ್ಶನಕ್ಕೆ 50 ಸಾವಿರ ಡಾಲರ್ ಸುರಿದರು. ಇದರಲ್ಲಿ ಬಹುಪಾಲು ಸಾಲ.

ಅವರ ಪ್ಲಾನ್ ಏನಿತ್ತು? ಜನ ನೋಡ್ತಾರೆ, ಕಾರ್ಖಾನೆಯವರು ಲೈಸೆನ್ಸ್ ತಗೋತಾರೆ, ರಾಯಲ್ಟಿ ಬರುತ್ತೆ. ಕಾಗದದ ಮೇಲೆ ಸರಿಯಾಗೇ ಇದೆ. ಆದ್ರೆ ಇಂಗ್ಲೆಂಡ್‌ನಲ್ಲಿ ಪೇಟೆಂಟ್ ಅವರ ಕೈಯಲ್ಲಿ ಇರಲೇ ಇಲ್ಲ. ಅವರ ರಬ್ಬರಿನ ಸ್ಯಾಂಪಲ್ ತುಂಡುಗಳು ಮೊದಲೇ ಇಂಗ್ಲೆಂಡ್‌ಗೆ ಹೋಗಿದ್ದವು, ಥಾಮಸ್ ಹ್ಯಾನ್‌ಕಾಕ್ ಅನ್ನೋ ರಬ್ಬರ್ ಉದ್ಯಮಿಯ ಕೈಗೂ ಸಿಕ್ಕಿದ್ದವು. 1843ರ ನವೆಂಬರ್‌ನಲ್ಲಿ ಹ್ಯಾನ್‌ಕಾಕ್ ಅರ್ಜಿ ಹಾಕಿದರು. ಗುಡ್‌ಇಯರ್ ಅರ್ಜಿ ಹೋಗಿದ್ದು 1844ರ ಜನವರಿಯಲ್ಲಿ. ಎರಡು ತಿಂಗಳ ಅಂತರದಲ್ಲಿ ಒಂದು ದೇಶದ ಮಾರುಕಟ್ಟೆಯೇ ಕೈತಪ್ಪಿತು. ಆಮೇಲೆ ಫ್ರಾನ್ಸ್‌ನ ಪೇಟೆಂಟ್ ಕೂಡ ತಾಂತ್ರಿಕ ಕಾರಣಕ್ಕೆ ರದ್ದಾಯಿತು. ರಾಯಲ್ಟಿ ನಿಂತಿತು, ಬಿಲ್‌ಗಳು ಮಾತ್ರ ನಿಲ್ಲಲಿಲ್ಲ. ಜೈಲಿಗೆ ಹೋಗಿದ್ದು ಹಾಗೆ. 1860ರಲ್ಲಿ ತೀರಿಕೊಂಡಾಗ ಅವರ ಮೇಲೆ ಸುಮಾರು 2 ಲಕ್ಷ ಡಾಲರ್ ಸಾಲ ಇತ್ತು.

ಹಾಗಾದ್ರೆ 1851ರಲ್ಲಿ ದುಡ್ಡು ಮಾಡಿದ್ದು ಯಾರು? ಒಂದು, ಪ್ರದರ್ಶನ ನಡೆಸಿದವರು. ಖರ್ಚೆಲ್ಲ ಕಳೆದು 1 ಲಕ್ಷ 86 ಸಾವಿರ ಪೌಂಡ್ ಉಳೀತು. ಆ ದುಡ್ಡಲ್ಲಿ ಸೌತ್ ಕೆನ್ಸಿಂಗ್ಟನ್‌ನಲ್ಲಿ ಜಮೀನು ತಗೊಂಡರು, ಇವತ್ತು ಲಂಡನ್‌ನ ದೊಡ್ಡ ದೊಡ್ಡ ಮ್ಯೂಸಿಯಂಗಳು ನಿಂತಿರೋದು ಅಲ್ಲೇ. ಎರಡು, ಸೋಡಾ ಮಾರಿದವರು. ಒಳಗೆ ಮದ್ಯಕ್ಕೆ ಅವಕಾಶ ಇರಲಿಲ್ಲ. ತಿಂಡಿ, ಪಾನೀಯದ ಗುತ್ತಿಗೆಯನ್ನು 5 ಸಾವಿರ ಪೌಂಡ್‌ಗೂ ಹೆಚ್ಚು ಕೊಟ್ಟು ಹಿಡಿದ ಶ್ವೆಪ್ಸ್ ಕಂಪನಿ 10 ಲಕ್ಷಕ್ಕೂ ಹೆಚ್ಚು ಬಾಟಲಿ ಮಾರಾಟ ಮಾಡಿತು. ನಮ್ಮೂರ ಜಾತ್ರೆಯಲ್ಲೂ ಇದೇ ಕಥೆ ಅಲ್ವಾ? ಯಾರ ಅಂಗಡಿ ಖಾಲಿ ಹೊಡೆದರೂ ಕಬ್ಬಿನ ಹಾಲಿನವನ ಗಲ್ಲಾಪೆಟ್ಟಿಗೆ ತುಂಬಿರುತ್ತೆ.

ಇನ್ನೊಂದು ವಿಷಯ ಕೇಳಿದ್ರೆ ಆಶ್ಚರ್ಯ ಆಗುತ್ತೆ. ಆ ಪ್ರದರ್ಶನದಲ್ಲಿ ವಸ್ತುಗಳ ಮೇಲೆ ಬೆಲೆಯ ಚೀಟಿ ಅಂಟಿಸೋ ಹಾಗೇ ಇರಲಿಲ್ಲ. ಜನ ಬಂದಿದ್ದು ನೋಡೋಕೆ, ಕೊಳ್ಳೋಕಲ್ಲ. 60 ಲಕ್ಷ ಜನ ಅನ್ನೋ ಸಂಖ್ಯೆ ಕೇಳೋಕೆ ಚೆಂದ, ಆದ್ರೆ ಅದು ನೋಡುಗರ ಸಂಖ್ಯೆ. ಇವತ್ತು ಆಯೋಜಕರು ಫೋನ್ ಮಾಡಿ "ಮೇಡಂ, ಎರಡು ಲಕ್ಷ ಫುಟ್‌ಫಾಲ್ ಗ್ಯಾರಂಟಿ" ಅಂದಾಗ ಈ ವ್ಯತ್ಯಾಸ ನೆನಪಿರಲಿ.

ಈಗ ಜರ್ಮನಿಗೆ ಹೋಗೋಣ, ಯಾಕಂದ್ರೆ ಕೊಳ್ಳುವವರಿಗೆ ಅಂತಲೇ ನಡೆಯೋ ಮೇಳ ರೂಪುಗೊಂಡಿದ್ದು ಅಲ್ಲಿ.

ಲೈಪ್‌ಜಿಗ್ ಊರಿನ ಸಂತೆ ನೂರಾರು ವರ್ಷ ಹಳೆಯದು. ವ್ಯಾಪಾರಿಗಳು ಗಾಡಿಗಟ್ಟಲೆ ಸರಕು ತಂದು, ಅಲ್ಲೇ ಮಾರಿ, ದುಡ್ಡು ಎಣಿಸಿಕೊಂಡು ಹೋಗ್ತಿದ್ದರು. 19ನೇ ಶತಮಾನದಲ್ಲಿ ರೈಲು ಬಂತು, ಅಂಚೆ ಸಲೀಸಾಯಿತು. ಯಂತ್ರದಲ್ಲಿ ಮಾಡಿದ ಸಾವಿರ ಬಟ್ಟಲೂ ಒಂದೇ ಥರ ಇರುತ್ತೆ. ಅಂದ್ಮೇಲೆ ಸಾವಿರವನ್ನೂ ಹೊತ್ತು ತರೋದ್ಯಾಕೆ? ಒಂದು ತೋರಿಸಿ, ಆರ್ಡರ್ ಬರೆದುಕೊಂಡು, ಉಳಿದಿದ್ದನ್ನು ರೈಲಿಗೆ ಹಾಕಿದರಾಯಿತು. 1895ರಲ್ಲಿ ಲೈಪ್‌ಜಿಗ್ ಅಧಿಕೃತವಾಗಿ ಸ್ಯಾಂಪಲ್ ಮೇಳಕ್ಕೆ ಬದಲಾಯಿತು. ಇಲ್ಲಿಗೆ ಬರೋದು ಮಕ್ಕಳ ಕೈ ಹಿಡ್ಕೊಂಡು ಸುತ್ತಾಡೋ ಸಂಸಾರಗಳಲ್ಲ, ಅಂಗಡಿಯವರು, ಸಗಟು ವ್ಯಾಪಾರಿಗಳು, ವಿದೇಶಿ ಏಜೆಂಟರು.

ದಕ್ಷಿಣ ಜರ್ಮನಿಯ ಗೀಂಗೆನ್ ಅನ್ನೋ ಚಿಕ್ಕ ಊರಲ್ಲಿ ಮಾರ್ಗರೆಟೆ ಶ್ಟೈಫ್ ಅಂತ ಒಬ್ಬ ದರ್ಜಿ ಇದ್ದರು. ಹುಟ್ಟಿದ್ದು 1847ರಲ್ಲಿ. ಒಂದೂವರೆ ವರ್ಷಕ್ಕೇ ಪೋಲಿಯೊ ಆಗಿ ಕಾಲುಗಳ ಶಕ್ತಿ ಹೋಯಿತು, ಬಲಗೈಯಲ್ಲೂ ಬಲ ಕಡಿಮೆ. ಗಾಲಿಕುರ್ಚಿಯಲ್ಲಿ ಕೂತೇ ಹೊಲಿಗೆ ಕಲಿತರು. ಸೂಜಿ ಚುಚ್ಚಿಡೋಕೆ ಅಂತ ಉಣ್ಣೆಯ ಫೆಲ್ಟ್ ಬಟ್ಟೆಯಲ್ಲಿ ಪುಟ್ಟ ಆನೆ ಮಾಡಿದರು. ಮಕ್ಕಳು ಅದನ್ನು ಆಟಿಕೆ ಮಾಡಿಕೊಂಡರು. 1880ರಲ್ಲಿ ಮಾರಾಟವಾಗಿದ್ದು 8 ಆನೆ. 1886ರ ಹೊತ್ತಿಗೆ 5 ಸಾವಿರ ದಾಟಿತು. ಶುರುವಿನಲ್ಲಿ ಅವರ ತಮ್ಮ ಫ್ರಿಟ್ಜ್ ಆನೆಗಳನ್ನು ಮೂಟೆ ಕಟ್ಟಿಕೊಂಡು ಪಕ್ಕದ ಹೈಡನ್‌ಹೈಮ್ ಸಂತೆಗೆ ಹೋಗಿ ಮಾರಿಬರ್ತಿದ್ದರಂತೆ. ಅಂದ್ರೆ ಮೊದಲು ಹತ್ತಿರದ ಸಂತೆ, ಕಡಿಮೆ ಖರ್ಚು.

1902ರಲ್ಲಿ ಅವರ ತಮ್ಮನ ಮಕ್ಕಳಲ್ಲಿ ಒಬ್ಬನಾದ ರಿಚರ್ಡ್, ಕೈಕಾಲು ಅಲ್ಲಾಡೋ ಒಂದು ಕರಡಿಯನ್ನು ವಿನ್ಯಾಸ ಮಾಡಿದ. 1903ರ ಮಾರ್ಚ್‌ನಲ್ಲಿ ಅದನ್ನು ಲೈಪ್‌ಜಿಗ್‌ಗೆ ಒಯ್ದರು. ಕಂಪನಿಯವರು ಹೇಳೋ ಪ್ರಕಾರ ಆ ಕರಡಿಯನ್ನು ಯಾರೂ ಮೂಸಿಯೂ ನೋಡಲಿಲ್ಲ. ಮೇಳ ಮುಗಿಯೋ ಹೊತ್ತಿಗೆ ನ್ಯೂಯಾರ್ಕ್‌ನ ಸಗಟು ಕಂಪನಿಯೊಂದರ ಖರೀದಿದಾರ ಬಂದ. ಎತ್ತಿ ನೋಡಿದ. 3 ಸಾವಿರ ಕರಡಿಗೆ ಆರ್ಡರ್ ಕೊಟ್ಟ. 1907ರಲ್ಲಿ ಶ್ಟೈಫ್ ಕಾರ್ಖಾನೆ ಒಂದೇ ವರ್ಷಕ್ಕೆ ಸುಮಾರು 9 ಲಕ್ಷ 74 ಸಾವಿರ ಕರಡಿ ಮಾಡಿತು. 400 ಜನ ಕಾರ್ಖಾನೆಯಲ್ಲಿ, 1,800 ಜನ ಮನೆಯಿಂದಲೇ ಹೊಲೀತಿದ್ದರು. ನಮಗೆ ಗೊತ್ತಿರೋ ಟೆಡ್ಡಿ ಬೇರ್ ಇದೇ.

"ನೋಡಿದ್ರಾ, ಸ್ಟಾಲ್ ಹಾಕಿದ್ದಕ್ಕೇ ಗೆದ್ದರು!" ಅನ್ನಬಹುದು. ಸ್ವಲ್ಪ ತಾಳಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಮಾರಿಸ್ ಮಿಚ್‌ಟಮ್ ಅನ್ನೋ ಸಿಹಿತಿಂಡಿ ಅಂಗಡಿಯವರು ಒಂದು ಕಾರ್ಟೂನ್ ನೋಡಿದರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬೇಟೆಯಲ್ಲಿ ಕರಡಿಯನ್ನು ಕೊಲ್ಲೋಕೆ ಒಪ್ಪದ ಚಿತ್ರ ಅದು. ಹೆಂಡತಿ ರೋಸ್ ಜೊತೆ ಸೇರಿ ಕರಡಿ ಗೊಂಬೆ ಹೊಲಿದು, "ಟೆಡ್ಡಿಯ ಕರಡಿ" ಅಂತ ತಮ್ಮ ಅಂಗಡಿಯ ಗಾಜಿನ ಕಿಟಕಿಯಲ್ಲಿಟ್ಟರು. ಮೇಳ ಇಲ್ಲ, ಸ್ಟಾಲ್ ಇಲ್ಲ. ಅದೇ ಮುಂದೆ ಐಡಿಯಲ್ ಅನ್ನೋ ದೊಡ್ಡ ಆಟಿಕೆ ಕಂಪನಿ ಆಯ್ತು.

ಒಂದೇ ಥರದ ವಸ್ತು, ಒಂದೇ ಕಾಲ. ಒಬ್ಬರಿಗೆ ಮೇಳ ಬೇಕಾಯ್ತು, ಇನ್ನೊಬ್ಬರಿಗೆ ಕಿಟಕಿ ಸಾಕಾಯ್ತು. ಏನು ವ್ಯತ್ಯಾಸ? ದೂರ. ಮಿಚ್‌ಟಮ್ ಅವರ ಗಿರಾಕಿ ಅಂಗಡಿ ಮುಂದೆಯೇ ಓಡಾಡ್ತಿದ್ದ. ಗೀಂಗೆನ್‌ನಲ್ಲಿ ಗಾಲಿಕುರ್ಚಿಯ ಮೇಲೆ ಕೂತ ಹೆಣ್ಣುಮಗಳಿಗೂ ನ್ಯೂಯಾರ್ಕ್‌ನ ಖರೀದಿದಾರನಿಗೂ ನಡುವೆ ಒಂದು ಸಮುದ್ರ ಇತ್ತು. ಸ್ಟಾಲಿನ ಬಾಡಿಗೆ ಅಂದ್ರೆ ಆ ದೂರಕ್ಕೆ ಕೊಡೋ ಬೆಲೆ. ನಿಮ್ಮ ಗಿರಾಕಿ ದೂರ ಇದ್ದು, ಆ ಮೇಳಕ್ಕೆ ಅವನು ಖಂಡಿತ ಬರ್ತಾನೆ ಅಂದ್ರೆ ಅದು ಅಗ್ಗ. ಅವನು ಬಸ್ಸಿನಲ್ಲಿ ಹೋಗಿ ಮುಟ್ಟೋಷ್ಟು ಹತ್ತಿರ ಇದ್ರೆ ಅದೇ ಬಾಡಿಗೆ ದುಬಾರಿ.

ನಮ್ಮ ಚಿಕ್ಕಮ್ಮನ ಲೆಕ್ಕ ಹೇಳ್ತೀನಿ. ತುಮಕೂರಲ್ಲಿ ಚಟ್ನಿಪುಡಿ ಮಾಡ್ತಾರೆ. ಬೆಂಗಳೂರಿನ ಒಂದು ಮೂರು ದಿನದ ಮೇಳಕ್ಕೆ ಸ್ಟಾಲ್ ಬಾಡಿಗೆ 25 ಸಾವಿರ. ಸಾಗಾಟ, ಟೇಬಲ್, ಲೈಟು, ಬ್ಯಾನರ್, ಇಬ್ಬರ ಊಟ-ವಸತಿ ಸೇರಿದ್ರೆ 40 ಸಾವಿರ. ಒಂದು ಪ್ಯಾಕೆಟ್ ಮಾಡೋಕೆ 70 ರೂಪಾಯಿ ಬೀಳುತ್ತೆ, 120ಕ್ಕೆ ಮಾರ್ತಾರೆ. ಕೈಗೆ ಉಳಿಯೋದು 50. ಅಂದ್ರೆ ಬರೀ ಅಸಲು ಬರೋಕೆ 800 ಪ್ಯಾಕೆಟ್ ಹೋಗ್ಬೇಕು. ದಿನಕ್ಕೆ ಹತ್ತು ಗಂಟೆ ಅಂತ ಹಿಡಿದ್ರೂ ಗಂಟೆಗೆ 27. ಎರಡೂಕಾಲು ನಿಮಿಷಕ್ಕೊಂದು, ಮೂರು ದಿನ ಬಿಡದೆ! ಚಿಕ್ಕಮ್ಮ ಕೇಳಿದ್ದು ಒಂದೇ ಮಾತು: "ನೀರು ಕುಡಿಯೋಕೆ ಯಾವಾಗ ಹೋಗ್ಲಪ್ಪ?"

ಇದೇ ಲೆಕ್ಕವನ್ನು ತಿರುಗಿಸಿ ನೋಡೋಣ. ಮೂರು ಅಂಗಡಿಗಳು ತಿಂಗಳಿಗೆ ತಲಾ 100 ಪ್ಯಾಕೆಟ್ ಸಗಟು ದರದಲ್ಲಿ, 95 ರೂಪಾಯಿಗೆ ತಗೊಂಡ್ರೆ? ಪ್ಯಾಕೆಟ್‌ಗೆ 25 ಉಳಿದ್ರೂ ತಿಂಗಳಿಗೆ 7,500. 40 ಸಾವಿರ ಆರನೇ ತಿಂಗಳಲ್ಲಿ ವಾಪಸ್, ಆಮೇಲೆ ಬರೋದು ಲಾಭ. ಅಂದ್ರೆ ಸ್ಟಾಲ್ ಗೆಲ್ಲೋದು ಅಲ್ಲಿ ಮಾರಿದ ಪ್ಯಾಕೆಟ್‌ನಿಂದಲ್ಲ, ಮತ್ತೆ ಮತ್ತೆ ಬರೋ ಆರ್ಡರ್‌ನಿಂದ. ಆದ್ರೆ ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ಆ ಮೂರು ಅಂಗಡಿ ಹುಡುಕೋಕೆ 40 ಸಾವಿರ ಬೇಕಾ? ಬ್ಯಾಗ್ ತುಂಬ ಸ್ಯಾಂಪಲ್, ಬಸ್ ಚಾರ್ಜು ಸಾಕು. ಚಿಕ್ಕಮ್ಮ ಬಳೆ ಅಡವಿಡಲಿಲ್ಲ. ಇದೇ ಪ್ರಶ್ನೆಯನ್ನು ದುಬೈನ ಅಂಗಡಿಗೆ ಮಾರಬೇಕು ಅನ್ನೋ ಚನ್ನಪಟ್ಟಣದ ಆಟಿಕೆಯವರು ಕೇಳಿದ್ರೆ ನನ್ನ ಉತ್ತರ ಬೇರೆ. ವಿದೇಶಿ ಖರೀದಿದಾರರು ಬರೋ ರಫ್ತು ಮೇಳಕ್ಕೆ ಹೋಗಿ ಅಂತೀನಿ. ಅವರಿಗೆ ಸಮುದ್ರ ಅಡ್ಡ ಇದೆ.

ಹೋಗೋ ಮುಂಚೆ ಇನ್ನೆರಡು ವಿಷಯ ಗಮನಿಸಬೇಕು. ಒಂದು, ಆರ್ಡರ್ ಬಂದ್ರೆ ಪೂರೈಸೋ ತಾಕತ್ತು. ಶ್ಟೈಫ್ ಆ ಕರಡಿ ಮಾಡೋ ಹೊತ್ತಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆಟಿಕೆ ಹೊಲಿದಿದ್ದರು, ಕೆಲಸಗಾರರಿದ್ದರು. 3 ಸಾವಿರ ಅಂದಾಗ "ಆಗುತ್ತೆ" ಅನ್ನೋಕೆ ಅವರಿಗೆ ಆಧಾರ ಇತ್ತು.

ಎರಡು, ನಕಲು. ನಿಮ್ಮ ವಸ್ತುವನ್ನು ನೋಡೋಕೆ ಬರೋರಲ್ಲಿ ಪ್ರತಿಸ್ಪರ್ಧಿಗಳೂ ಇರ್ತಾರೆ. 1873ರ ವಿಯೆನ್ನಾ ಪ್ರದರ್ಶನಕ್ಕೆ ಎಷ್ಟೋ ವಿದೇಶಿ ಸಂಶೋಧಕರು ಬರೋಕೇ ಒಪ್ಪಲಿಲ್ಲ, ಐಡಿಯಾ ಕದ್ದುಬಿಡ್ತಾರೆ ಅನ್ನೋ ಭಯಕ್ಕೆ. ಆ ತಕರಾರು ಬೆಳೀತಾ ಬೆಳೀತಾ 1883ರ ಪ್ಯಾರಿಸ್ ಒಪ್ಪಂದಕ್ಕೆ ದಾರಿಯಾಯಿತು. ಪೇಟೆಂಟ್, ಟ್ರೇಡ್‌ಮಾರ್ಕ್‌ಗಳಿಗೆ ದೇಶದಾಚೆಗೂ ರಕ್ಷಣೆ ಕೊಡೋ ಒಪ್ಪಂದ ಅದು. ಭಾರತ ಅದನ್ನು ಸೇರಿದ್ದು 1998ರಲ್ಲಿ. ಶ್ಟೈಫ್‌ನವರಂತೂ ನಕಲಿ ಕರಡಿಗಳ ಕಾಟಕ್ಕೆ 1904ರಲ್ಲೇ ಪ್ರತಿ ಗೊಂಬೆಯ ಕಿವಿಗೆ ಒಂದು ಲೋಹದ ಗುಂಡಿ ಹಾಕೋಕೆ ಶುರು ಮಾಡಿದರು. ಇವತ್ತಿಗೂ ಅದೇ ಅವರ ಗುರುತು. ಗುಡ್‌ಇಯರ್ ಸ್ಯಾಂಪಲ್ ಮೊದಲು ಕಳಿಸಿ ಅರ್ಜಿ ಆಮೇಲೆ ಹಾಕಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಹಾಗಾಗಿ ಯಾರಾದ್ರೂ ಸ್ಟಾಲ್ ಬುಕ್ ಮಾಡಿ ಅಂತ ಫೋನ್ ಮಾಡಿದ್ರೆ ಎಷ್ಟು ಜನ ಬರ್ತಾರೆ ಅಂತ ಕೇಳ್ಬೇಡಿ. ಕಳೆದ ವರ್ಷ ಯಾವ್ಯಾವ ಅಂಗಡಿಯವರು, ಸಗಟು ಖರೀದಿದಾರರು ಬಂದಿದ್ದರು ಅಂತ ಕೇಳಿ. ಪಟ್ಟಿ ಕೊಟ್ರೆ ಮುಂದಿನ ಮಾತು. ಕೊಡೋಕೆ ತಡವರಿಸಿದ್ರೆ ಉತ್ತರ ಸಿಕ್ಕಂಗೆ. ಕಳೆದುಕೊಂಡರೂ ಮನೆ ನಡೆಯುತ್ತೆ ಅನ್ನೋಷ್ಟು ದುಡ್ಡು ಮಾತ್ರ ಹಾಕಿ, ಸಾಲದ ದುಡ್ಡು ಬೇಡ. ಬಂದವರ ನಂಬರ್ ಬರೆದುಕೊಂಡು, ಅದೇ ವಾರ ಫೋನ್ ಮಾಡಿ.

ಮತ್ತೆ ಇಷ್ಟೆಲ್ಲ ಲೆಕ್ಕ ಹಾಕಿ ಹೋಗಿದ್ದೇ ಆದ್ರೆ, ಕೊನೆಯ ದಿನ ಸಂಜೆ ನಾಲ್ಕಕ್ಕೇ ಗಂಟುಮೂಟೆ ಕಟ್ಬೇಡಿ. ಟೆಡ್ಡಿ ಬೇರ್ ಆರ್ಡರ್ ಬಂದಿದ್ದು ಆ ಹೊತ್ತಿಗೇ.

ಮುಂದಿನ ವಾರ ಸಿಗೋಣ.